ಸಹಿ ಹಾಕುವ ಮುಂಚೆ ಜೊತೆಯಲ್ಲಿ ಕೂತು ಓದೋಣ



ಹೊಸೂರಿನ ಸುತ್ತಮುತ್ತ ಈಗ ಜಾಗದ ಮಾತಿಲ್ಲದ ಮನೆಯೇ ಇಲ್ಲ. 2,000 ಎಕರೆಯಲ್ಲಿ ವಿಮಾನ ನಿಲ್ದಾಣ ಬರುತ್ತದೆ ಎಂದು 2024ರ ಜೂನ್‌ನಲ್ಲಿ ತಮಿಳುನಾಡು ವಿಧಾನಸಭೆಯಲ್ಲಿ ಘೋಷಣೆಯಾದ ಮೇಲಂತೂ, ಭಾನುವಾರ ಬಲಿಪೂಜೆ ಮುಗಿಸಿ ಹೊರಗೆ ನಿಂತರೂ ಅದೇ ಮಾತು. ಒಂದು ಮನೆಗೆ ಒಂದು ಸೈಟು ಕೊಳ್ಳುವುದೂ ಕಷ್ಟ. ಅದಕ್ಕೆ ಹತ್ತು ಮನೆಯವರು ದುಡ್ಡು ಸೇರಿಸಿ ಎರಡು ಎಕರೆ ತೆಗೆದುಕೊಳ್ಳೋಣ, ಬೆಲೆ ಏರಿದಾಗ ಮಾರಿ ಹಂಚಿಕೊಳ್ಳೋಣ ಅನ್ನುತ್ತಾರೆ. ಈ ಯೋಚನೆಯಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಕಾಗದದಲ್ಲಿ. ಕ್ರಯಪತ್ರ ತಮಿಳಿನಲ್ಲಿ, ಷರತ್ತುಗಳು ಇಂಗ್ಲಿಷಿನಲ್ಲಿ, ನಮ್ಮ ಅಪ್ಪ ಅಮ್ಮಂದಿರು ಓದಿದ್ದು ಕನ್ನಡದಲ್ಲಿ. ಒಡವೆ ಅಡವಿಟ್ಟು, ಪಿಎಫ್ ಹಣ ತೆಗೆದು ಕೊಡುವವರು ಓದಲು ಬಾರದ ಕಾಗದಕ್ಕೆ ಸಹಿ ಹಾಕುತ್ತಿದ್ದಾರೆ.

ಇದನ್ನು ಓದಿ ಹೇಳುವ ಕೆಲಸ ಯುವಜನರಾದ ನಮ್ಮದು ಎಂಬುದು ನಮ್ಮ ಅಭಿಪ್ರಾಯ. ಒಂದು ದಿನದ ಭಾಷಣ ಏರ್ಪಡಿಸಿ ಕೈ ತೊಳೆದುಕೊಂಡರೆ ಸಾಲದು. ಸಹಿ ಹಾಕಬೇಕಾದ ಅದೇ ಕಾಗದವನ್ನು ಮುಂದಿಟ್ಟುಕೊಂಡು, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಬೇಕು.

“ನಮ್ಮವರೇ ತಂದಿದ್ದಾರೆ, ಓದುವುದೇನಿದೆ?” ಎಂದು ಕೇಳುವವರಿದ್ದಾರೆ. ಓದಿದರೆ ಅವರನ್ನು ಅನುಮಾನಿಸಿದಂತೆ ಆಗುತ್ತದಂತೆ. ಯೆರೆಮೀಯನ ಗ್ರಂಥದ 32ನೇ ಅಧ್ಯಾಯ ತೆಗೆದು ನೋಡಿ. ಅನಾತೋತಿನ ಹೊಲವನ್ನು ಪ್ರವಾದಿಗೆ ಮಾರಿದವನು ಸ್ವಂತ ಚಿಕ್ಕಪ್ಪನ ಮಗ. ಆದರೂ 17 ಶೆಕೆಲ್ ಬೆಳ್ಳಿ ತೂಗಿದ್ದು ಸಾಕ್ಷಿಗಳ ಮುಂದೆ. ಕ್ರಯಪತ್ರಕ್ಕೆ ಸಹಿ, ಮುದ್ರೆ ಎರಡೂ ಬಿದ್ದವು. ಮುದ್ರೆ ಹಾಕಿದ ಪ್ರತಿಯ ಜೊತೆ ತೆರೆದ ಪ್ರತಿಯೂ ಇತ್ತು, ಎರಡನ್ನೂ ಮಣ್ಣಿನ ಪಾತ್ರೆಯಲ್ಲಿ ಕಾಪಾಡಿಟ್ಟರು. ಅಲ್ಲಿ ಯಾರಿಗೂ ಅವಮಾನವಾಗಲಿಲ್ಲ.

ಕಾಗದದಲ್ಲಿ ಮೊದಲು ಹುಡುಕಬೇಕಾದದ್ದು ನಮ್ಮ ಹೆಸರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುವ ಕ್ರಯಪತ್ರದಲ್ಲಿ ಹತ್ತು ಜನರ ಹೆಸರೂ ಇದ್ದರೆ ಹತ್ತು ಜನರೂ ಮಾಲೀಕರು. ಹೆಸರು ಬರೀ ರಸೀದಿಯಲ್ಲೋ ‘ಹೂಡಿಕೆ ಒಪ್ಪಂದ’ದಲ್ಲೋ ಇದ್ದು, ಜಾಗ ಬೇರೊಬ್ಬರ ಹೆಸರಿನಲ್ಲಿದ್ದರೆ ನಾವು ಕೊಂಡದ್ದು ಜಾಗವಲ್ಲ, ಒಂದು ಭರವಸೆ ಅಷ್ಟೇ. ಎಲ್ಲರ ಹಣವನ್ನು ಒಟ್ಟುಮಾಡಿ, ಲಾಭದ ಆಸೆ ತೋರಿಸಿ, ಹೂಡಿಕೆದಾರರ ಕೈಗೆ ದಿನನಿತ್ಯದ ಹಿಡಿತ ಕೊಡದೆ ಅವರ ಪರವಾಗಿ ಬೇರೊಬ್ಬರು ನಡೆಸುವ ಯೋಜನೆಗೆ ಕಾನೂನಿನಲ್ಲಿ ಸಾಮೂಹಿಕ ಹೂಡಿಕೆ ಯೋಜನೆ ಎಂದು ಹೆಸರು. ಅದಕ್ಕೆ ಸೆಬಿಯ ನೋಂದಣಿ ಬೇಕು. ಹತ್ತು ಜನ ಸೇರಿ ತಾವೇ ಕೊಂಡು ತಾವೇ ನೋಡಿಕೊಳ್ಳುವುದು ಬೇರೆ ಮಾತು.

ಪಿಎಸಿಎಲ್ ಕಂಪನಿಯ ಕಥೆ ಗೊತ್ತಿಲ್ಲದವರು ಕೇಳಬೇಕು. ಕೃಷಿ ಜಮೀನು ಕೊಡುತ್ತೇವೆ ಎಂದು ಅದು ಸುಮಾರು 5.85 ಕೋಟಿ ಜನರಿಂದ 49,100 ಕೋಟಿ ರೂಪಾಯಿ ಎತ್ತಿತು. ಹಣ ಹಿಂದಿರುಗಿಸಿ ಎಂದು 2014ರಲ್ಲಿ ಸೆಬಿ ಆದೇಶ ಕೊಟ್ಟಿತು. 2016ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿಗೆ ಆಸ್ತಿ ಮಾರಿ ಹಣ ಹಂಚುವ ಕೆಲಸ ವಹಿಸಿತು. ಕೈಯಲ್ಲಿ ರಸೀದಿ ಇಟ್ಟುಕೊಂಡವರು ವರ್ಷಗಟ್ಟಲೆ ಕಾಯಬೇಕಾಯಿತು.

ಎಲ್ಲರ ಹೆಸರಿದ್ದರೂ ‘ಅವಿಭಜಿತ ಪಾಲು’ ಎಂಬ ಪದ ಕಂಡರೆ ನಿಲ್ಲಿ. ಹತ್ತರಲ್ಲಿ ಒಂದು ಪಾಲು ನಮ್ಮದು, ಆದರೆ ಇದೇ ಮೂಲೆ ನಮ್ಮದು ಎಂದು ಬೇಲಿ ಹಾಕುವಂತಿಲ್ಲ. ಒಬ್ಬರಿಗೆ ಮಗಳ ಮದುವೆಗೆ ಹಣ ಬೇಕಾಯಿತು, ಉಳಿದವರಿಗೆ ಮಾರಲು ಮನಸ್ಸಿಲ್ಲ, ಆಗೇನು? ಒಬ್ಬರು ತೀರಿಕೊಂಡು ಅವರ ನಾಲ್ಕು ಮಕ್ಕಳು ಬಂದರೆ ಯಾರ ಸಹಿ ಬೇಕು? ಇದಕ್ಕೆ ಉತ್ತರ ಒಪ್ಪಂದದಲ್ಲಿ ಮೊದಲೇ ಬರೆದಿರಬೇಕು. ಇಲ್ಲವಾದರೆ ಕೊನೆಗೆ ಉಳಿಯುವುದು ಕೋರ್ಟಿನಲ್ಲಿ ವಿಭಾಗದ ದಾವೆ, ಅದರ ಜೊತೆಗೆ ಮುರಿದ ಸ್ನೇಹ. ‘ಪವರ್’ ಬರೆದುಕೊಡಿ ಎಂದು ಕೇಳಿದರೆ ಇನ್ನೂ ಎಚ್ಚರ: ಆ ಪವರ್‌ನಲ್ಲಿ ಮಾರುವ ಅಧಿಕಾರ ಇದೆಯೇ ಎಂದು ನೋಡಿ.

ಕ್ರಯದ ಕರಾರು ಮಾತ್ರ ಮಾಡಿಕೊಂಡವರಿಗೆ ಒಂದು ಮಾತು. ಆ ಕರಾರಿನಿಂದಲೇ ಜಾಗ ನಮ್ಮದಾಗುವುದಿಲ್ಲ. ಕ್ರಯಪತ್ರ ಮಾಡಿಕೊಡಲು ಅದರಲ್ಲಿ ಬರೆದ ದಿನಾಂಕ ದಾಟಿದರೆ, ಮಾಡಿಸಿಕೊಡಿ ಎಂದು ಕೋರ್ಟಿಗೆ ಹೋಗಲು ಅಲ್ಲಿಂದ ಮೂರು ವರ್ಷ ಮಾತ್ರ. “ಇವತ್ತು ನಾಳೆ” ಎಂಬ ಮಾತು ನಂಬಿ ಕೂತವರು ಕಳೆದುಕೊಳ್ಳುವುದು ಈ ಮೂರು ವರ್ಷವನ್ನೇ.

ಇನ್ನೊಂದು ಮಾತು ಕೆಲವರಿಗೆ ಹಿಡಿಸದಿರಬಹುದು. ಸೈಟು, ಹೂಡಿಕೆಗಳ ಪ್ರಕಟಣೆ ದೇವಾಲಯದೊಳಗೆ ಬೇಡ, ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲೂ ಬೇಡ. ಗುರುಗಳು ಪಕ್ಕದಲ್ಲಿ ನಿಂತ ಒಂದು ಫೋಟೋ ಸಾಕು, ಹಿರಿಯರು ಅದನ್ನೇ ಜಾಮೀನು ಎಂದು ತಿಳಿಯುತ್ತಾರೆ.

ಎರಡನೇ ಬಲಿಪೂಜೆಯ ನಂತರ ಒಂದು ಮೇಜು, ತಮಿಳು ಇಂಗ್ಲಿಷ್ ಎರಡೂ ಬಲ್ಲ ಇಬ್ಬರು, ಇಷ್ಟಿದ್ದರೆ ಶುರುಮಾಡಬಹುದು. ಕೊಳ್ಳಿ, ಬೇಡ ಎಂದು ನಾವು ಹೇಳುವುದಿಲ್ಲ. ಬರೆದಿರುವುದನ್ನು ಓದಿ ಹೇಳುತ್ತೇವೆ, ವಕೀಲರನ್ನು ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಡುತ್ತೇವೆ. ತರುವಾಗ ಜೆರಾಕ್ಸ್ ಪ್ರತಿ ತನ್ನಿ, ಆಧಾರ್ ಮತ್ತು ಬ್ಯಾಂಕ್ ನಂಬರುಗಳನ್ನು ಮುಚ್ಚಿ. ಮುಖ್ಯವಾಗಿ, ಅಡ್ವಾನ್ಸ್ ಕೊಡುವ ಮುಂಚಿನ ಭಾನುವಾರವೇ ತನ್ನಿ.