ಒಂದು ತಂತು ಹೆಚ್ಚಾದಾಗ

ಅಂಗೈಯ ಗೀರುಗಾಯ ಕೆಲವೇ ದಿನಗಳಲ್ಲಿ ಮಾಯುವುದನ್ನು ಕಾಣದವರಿಲ್ಲ. ಸುತ್ತಲ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಆ ತೆರಪನ್ನು ತುಂಬುತ್ತವೆ. ತಾಯ ಗರ್ಭದಲ್ಲಿ ಒಂದೇ ಕೋಶವು ಇಡಿಯ ಶಿಶುವಾಗುವುದೂ ಇಂತಹ ವಿಭಜನೆಯಿಂದಲೇ.

ಇದು ಮಡಕೆ ಒಡೆದು ಹೋಳಾದಂತಲ್ಲ. ಸಹೋದರರು ಬೇರೆಯಾಗುವ ಮುನ್ನ ಮನೆಯ ಪ್ರತಿಯೊಂದು ಪತ್ರಕ್ಕೂ ನಕಲು ಮಾಡಿಸಿ, ಒಬ್ಬೊಬ್ಬರೂ ಪೂರ್ತಿ ಕಟ್ಟನ್ನು ಒಯ್ಯುವಂತೆ ಇದರ ರೀತಿ. ಕೋಶಕೇಂದ್ರದಲ್ಲಿರುವ ಆ ಪತ್ರಗಳೇ ವರ್ಣತಂತುಗಳು. ಬಣ್ಣವನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುವುದರಿಂದ ಅವಕ್ಕೆ ಆ ಹೆಸರು. ಅವು ಇಮ್ಮಡಿಯಾಗಿ, ಕೋಶದ ನಡುವೆ ಸಾಲುಗಟ್ಟಿ, ಎರಡು ತಂಡಗಳಾಗಿ ಅಗಲುವ ಪರಿಯನ್ನು ಜರ್ಮನಿಯ ವಾಲ್ಟರ್ ಫ್ಲೆಮಿಂಗನು ೧೮೮೨ರ ತನ್ನ ಗ್ರಂಥದಲ್ಲಿ ವಿವರಿಸಿದನು.

ಮನುಷ್ಯನಲ್ಲಿ ಇವು ೪೮ ಎಂದು ಬಹುಕಾಲ ನಂಬಲಾಗಿತ್ತು. ಸ್ವೀಡನ್ನಿನ ಲುಂಡ್ ನಗರದಲ್ಲಿ ಟ್ಜಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ಸರಿಯಾದ ಎಣಿಕೆ ೪೬ ಎಂದು ೧೯೫೬ರಲ್ಲಿ ಪ್ರಕಟಿಸಿದರು. ಎಂದರೆ ೨೩ ಜೋಡಿ.

ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗ ಮಾತ್ರ ಪ್ರತಿ ಜೋಡಿಯಿಂದ ಒಂದೊಂದೇ ತಂತು ಸಲ್ಲಬೇಕು. ಯಾವುದೋ ಜೋಡಿ ಅಗಲದೆ ಒಂದೇ ಕಡೆಗೆ ಸರಿದರೆ ಶಿಶುವಿಗೆ ೪೭ ತಂತುಗಳು ಬರುತ್ತವೆ. ೧೩ನೆಯದು ಹೆಚ್ಚಾದರೆ ಪಾಟೌ, ೧೮ನೆಯದು ಹೆಚ್ಚಾದರೆ ಎಡ್ವರ್ಡ್ಸ್ ಎಂಬ ವಿರಳವೂ ಕಠಿಣವೂ ಆದ ವ್ಯಾಧಿಗಳು. ಅಂಥ ಶಿಶುಗಳಲ್ಲಿ ಬಹುಪಾಲು ಒಂದು ವರ್ಷವನ್ನೂ ದಾಟುವುದಿಲ್ಲ. ೨೧ನೆಯದು ಹೆಚ್ಚಾದರೆ ಡೌನ್ ಲಕ್ಷಣಕೂಟ.

ಈ ಕೊನೆಯದನ್ನು ಇಂಗ್ಲೆಂಡಿನ ವೈದ್ಯ ಲ್ಯಾಂಗ್‌ಡನ್ ಡೌನ್ ೧೮೬೬ರಲ್ಲಿಯೇ ವರ್ಣಿಸಿದ್ದನು. ತಂದೆತಾಯಿಯರ ಕ್ಷಯವೇ ಇದಕ್ಕೆ ಕಾರಣವೆಂದು ಊಹಿಸಿದ್ದನು. ನಿಜವಾದ ಕಾರಣ ಪ್ರಕಟವಾದದ್ದು ೯೩ ವರ್ಷಗಳ ಬಳಿಕ, ೧೯೫೯ರಲ್ಲಿ. ಪ್ಯಾರಿಸ್ಸಿನಲ್ಲಿ ಮಾರ್ತ್ ಗೋತಿಯೇ ಎಂಬ ವೈದ್ಯೆ ಬೆಳೆಸಿದ ಕೋಶಗಳಲ್ಲಿ ಆ ೪೭ನೆಯ ತಂತು ಗೋಚರಿಸಿತು. ಆಕೆ, ಲೆಜೂನ್ ಮತ್ತು ಟ್ಯುರ್ಪಾನ್ ಕೂಡಿ ಅದನ್ನು ಲೋಕಕ್ಕೆ ಸಾರಿದರು.

ತಾಯಿಗೆ ೩೫ ದಾಟಿದ ಮೇಲೆ ಇದರ ಸಂಭವ ಏರುತ್ತದೆ. ಎಳೆಯ ತಾಯಂದಿರಿಗೂ ಇದು ತಪ್ಪಿದ್ದಲ್ಲ. ಆದರೆ ಈ ಹಂಚಿಕೆಯ ದೋಷ ಸಾಮಾನ್ಯವಾಗಿ ಗರ್ಭ ನಿಲ್ಲುವ ಮೊದಲೇ ನಡೆದುಹೋಗಿರುತ್ತದೆ. ಹಾಗಿರುವಲ್ಲಿ ಬಸುರಿಯಲ್ಲಿ ಕಂಡ ಗ್ರಹಣವಾಗಲಿ, ತಿಂದ ಪರಂಗಿಹಣ್ಣಾಗಲಿ ಇದಕ್ಕೆ ಕಾರಣವಾಗುವುದೆಂತು? ಬಾಣಂತಿಯ ಮೇಲೆ ಆಪಾದನೆ ಹೊರಿಸುವುದು ವಿಜ್ಞಾನಕ್ಕೂ ಒಪ್ಪದು, ಕರುಣೆಗೂ ಒಪ್ಪದು.

ಹೆಚ್ಚಾದ ತಂತುವನ್ನು ತೆಗೆಯುವ ಔಷಧವಿಲ್ಲ. ಆದರೂ ಹೃದಯದ ಶಸ್ತ್ರಚಿಕಿತ್ಸೆ, ತಕ್ಕ ಶಿಕ್ಷಣ, ಮನೆಮಂದಿಯ ಅಕ್ಕರೆ ದೊರೆತೆಡೆ ಡೌನ್ ಲಕ್ಷಣವುಳ್ಳ ಅನೇಕರು ಇಂದು ಐವತ್ತನ್ನು ದಾಟಿ ಬಾಳುತ್ತಿದ್ದಾರೆ. ಅಂಥ ಮಗು ಹುಟ್ಟಿದ ಮನೆಗೆ ಹೋಗುವವರು ಕಾರಣವನ್ನು ಕೆದಕುವ ಬದಲು ತೊಟ್ಟಿಲನ್ನು ತೂಗಿ ಬರುವುದು ಲೇಸು.