ಟ್ರಕೋಮಾ: ತೀರ್ಪಿನ ಮೂರನೆಯ ಕಲಮು

ನ್ಯಾಯಸ್ಥಾನದ ಮೆಟ್ಟಿಲು ಹತ್ತಿದವರಿಗೆಲ್ಲ ಒಂದು ಮಾತು ಗೊತ್ತು. ದಾವೆ ಗೆಲ್ಲುವದು ಅರ್ಧ ಕೆಲಸ. ಗೆದ್ದ ಹುಕುಮನಾಮೆಯನ್ನು ಜಾರಿ ಮಾಡಿಸುವದು ಉಳಿದರ್ಧ. ಹುಕುಮನಾಮೆಯನ್ನು ಪೆಟ್ಟಿಗೆಯಲ್ಲಿಟ್ಟು ಊರಿಗೆಲ್ಲ ಸಕ್ಕರೆ ಹಂಚಿದವನಿಗೆ ಹೊಲವು ಕೈಗೆ ಬಾರದು. ೨೦೨೪ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಭಾರತವು ಇಂಥದೊಂದು ದಾವೆಯನ್ನು ಗೆದ್ದಿತು. ಟ್ರಕೋಮಾ ಎಂಬ ಕಣ್ಣುಬೇನೆಯು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಈ ದೇಶದಲ್ಲಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಮುದ್ರೆಯೊತ್ತಿತು. ನೇಪಾಳವು ೨೦೧೮ರಲ್ಲಿಯೂ ಮ್ಯಾನ್ಮಾರವು ೨೦೨೦ರಲ್ಲಿಯೂ ಪಡೆದ ಮನ್ನಣೆ ನಮಗೂ ದೊರೆಯಿತು. ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಸಕ್ಕರೆ ಹಂಚುವ ಗದ್ದಲದಲ್ಲಿ ತೀರ್ಪನ್ನು ಕೊನೆಯ ತನಕ ಓದಿದವರು ಎಷ್ಟು ಮಂದಿ?

ಮೊದಲು ಬೇನೆಯ ಬಗೆಯನ್ನು ತಿಳಿಯೋಣ. ಕ್ಲಮೈಡಿಯ ಟ್ರಕೋಮ್ಯಾಟಿಸ್ ಎಂಬ ಸೂಕ್ಷ್ಮಜೀವಿಯು ಇದರ ಮೂಲ. ಎಳೆಯ ಮಕ್ಕಳ ಕಣ್ಣಿನ ಪಿಸುರು, ಅದನ್ನು ಒರೆಸಿದ ತಾಯಿಯ ಸೆರಗು, ಹಲವರು ಮಲಗುವ ಒಂದೇ ಹಾಸಿಗೆ, ಮುಖಕ್ಕೆ ಮುತ್ತುವ ನೊಣ, ಇವು ಅದರ ವಾಹನಗಳು. ಒಮ್ಮೆ ತಗಲಿದರೆ ಕಣ್ಣು ಹೋಗುವದಿಲ್ಲ. ಬಾಲ್ಯದಲ್ಲಿ ಮತ್ತೆ ಮತ್ತೆ ತಗಲಿ, ಮೇಲಿನ ರೆಪ್ಪೆಯ ಒಳಮೈಯಲ್ಲಿ ಗುಳ್ಳೆಗಳೆದ್ದು, ಅಲ್ಲಿ ಕಲೆಗಟ್ಟಿ, ವರ್ಷಗಳು ಉರುಳಿದಂತೆ ಆ ಕಲೆ ಬಿಗಿದು ರೆಪ್ಪೆಯ ಅಂಚನ್ನೇ ಒಳಕ್ಕೆ ಎಳೆಯುವದು. ಆಗ ಕಣ್ಣನ್ನು ಕಾಯಬೇಕಾದ ರೆಪ್ಪೆಗೂದಲೇ ಕಣ್ಣನ್ನು ಗೀರತೊಡಗುವದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಇದಕ್ಕೆ ಡಾಕ್ಟರರು ಟ್ರಿಕಿಯಾಸಿಸ್ ಎನ್ನುವರು. ಮಿಟುಕಿಸಿದಾಗಲೆಲ್ಲ ಗೀರು, ಗೀರಿದಲ್ಲಿ ಹುಣ್ಣು, ಕೊನೆಗೆ ಕಣ್ಣಿಗೆ ಹೂ ಬಿದ್ದು ಬೆಳಕು ಆರುವದು. ಮಕ್ಕಳನ್ನು ಎತ್ತಿ ಆಡಿಸುವವಳು ಹೆಂಗಸಾದ ಕಾರಣ, ಇದರಿಂದ ಕುರುಡಾಗುವ ಹೆಂಗಸರ ಸಂಖ್ಯೆ ಗಂಡಸರಿಗಿಂತ ನಾಲ್ಕು ಪಟ್ಟಿನ ವರೆಗೂ ಏರುವದು.

ಇದು ನಿನ್ನೆ ಮೊನ್ನೆಯ ಬೇನೆಯಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರವು ಒಳಮುಖವಾದ ರೆಪ್ಪೆಗೂದಲಿನ ರೋಗವನ್ನು ಪಕ್ಷ್ಮಕೋಪವೆಂದು ಕರೆದು, ರೆಪ್ಪೆಯ ಚರ್ಮದಲ್ಲಿ ಜವೆಯ ಕಾಳಿನಾಕಾರದ ತುಂಡನ್ನು ಕೊಯ್ದು ಹೊಲಿಯುವ ವಿಧಾನವನ್ನು ಹೇಳಿದೆ. ಯುರೋಪವೂ ಇದನ್ನು ಚೆನ್ನಾಗಿ ಬಲ್ಲದು. ೧೭೯೮ರಲ್ಲಿ ನೆಪೋಲಿಯನ್ನನ ದಂಡು ಈಜಿಪ್ಟಿನಲ್ಲಿ ಇಳಿದ ಮೇಲೆ, ಅಲ್ಲಿ ಕಾದಿದ ಫ್ರೆಂಚರೂ ಇಂಗ್ಲಿಷರೂ ಕಣ್ಣುಬೇನೆಯನ್ನು ಹೊತ್ತು ಮನೆಗೆ ಮರಳಿದರು. ೧೮೦೫ರಲ್ಲಿ ಲಂಡನ್ನಿನಲ್ಲಿ ಕಣ್ಣಿನ ಚಿಕಿತ್ಸಾಲಯವೊಂದು ತೆರೆಯಿತು. ಮುಂದೆ ಮೂರ್‌ಫೀಲ್ಡ್ಸ್ ಎಂದು ಹೆಸರಾದ ಆಸ್ಪತ್ರೆ ಅದೇ. ದೊರೆಯ ಸಿಪಾಯಿ ಕಣ್ಣು ಕಳೆದುಕೊಂಡರೆ ಆಸ್ಪತ್ರೆ. ಬಡವರ ಮನೆಯ ಮುದುಕಿ ಕಳೆದುಕೊಂಡರೆ ಹಣೆಬರಹ! ಈ ಭೇದವನ್ನು ಅಳಿಸುವದಕ್ಕಾಗಿ ಸ್ವತಂತ್ರ ಭಾರತವು ೧೯೬೩ರಲ್ಲಿ ಟ್ರಕೋಮಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಹೂಡಿ, ೧೯೭೬ರಲ್ಲಿ ಅದನ್ನು ಅಂಧತ್ವ ನಿಯಂತ್ರಣದ ಕಾರ್ಯಕ್ರಮದಲ್ಲಿ ಸೇರಿಸಿತು. ಪಂಜಾಬ, ಹರಿಯಾಣ, ರಾಜಸ್ಥಾನ, ಗುಜರಾತ, ಉತ್ತರ ಪ್ರದೇಶಗಳ ಹಳ್ಳಿಗಳು ಇದರ ಮುಖ್ಯ ರಣಭೂಮಿಗಳಾಗಿದ್ದವು. ೨೦೨೪ರ ಗೆಲವು ಅವರೆಲ್ಲರ ದುಡಿಮೆಯ ಫಲ.

ಈಗ ತೀರ್ಪಿಗೆ ಬರೋಣ. ಅದರಲ್ಲಿ ಮೂರು ಕಲಮುಗಳುಂಟು. ಒಂದು: ಒಂದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಗುಳ್ಳೆಯೆದ್ದ ಟ್ರಕೋಮಾ ನೂರಕ್ಕೆ ಐದಕ್ಕಿಂತ ಕಡಿಮೆಯಿರಬೇಕು. ಎರಡು: ಹದಿನೈದು ವರ್ಷ ದಾಟಿದವರಲ್ಲಿ, ಆರೋಗ್ಯ ವ್ಯವಸ್ಥೆಯ ಗಮನಕ್ಕೆ ಬಾರದ ಟ್ರಿಕಿಯಾಸಿಸ್ ಸಾವಿರಕ್ಕೆ ಎರಡಕ್ಕಿಂತ ಕಡಿಮೆಯಿರಬೇಕು. ಮೂರು: ಮುಂದೆ ಹುಟ್ಟುವ ಟ್ರಿಕಿಯಾಸಿಸ್ ರೋಗಿಗಳನ್ನು ಹುಡುಕಿ ಗುಣಪಡಿಸುವ ಏರ್ಪಾಡೂ ಅದಕ್ಕೆ ಬೇಕಾದ ಹಣವೂ ಸಿದ್ಧವಿರಬೇಕು. ಮೊದಲಿನ ಎರಡನ್ನು ಎಲ್ಲರೂ ಗಟ್ಟಿಯಾಗಿ ಓದುವರು. ಮೂರನೆಯದನ್ನು ಓದುವಾಗ ಧ್ವನಿ ತಗ್ಗುವದು.

“ಬೇನೆ ಹೋಯಿತಲ್ಲ, ಇನ್ನೇಕೆ ಖರ್ಚು?” ಎನ್ನುವ ಮಹನೀಯರು ಲೆಕ್ಕವನ್ನು ಲಾಲಿಸಬೇಕು. ಸಾವಿರಕ್ಕೆ ಎರಡೆಂದರೆ ಲಕ್ಷಕ್ಕೆ ಇನ್ನೂರು. ಲಕ್ಷ ವಯಸ್ಕರಿರುವ ಸೀಮೆಯಲ್ಲಿ ಇನ್ನೂರಕ್ಕೆ ಒಂದು ಕಡಿಮೆ ಮಂದಿ ಯಾರ ಕಣ್ಣಿಗೂ ಬೀಳದೆ ನರಳುತ್ತಿದ್ದರೂ ಆ ಸೀಮೆ ಪರೀಕ್ಷೆಯಲ್ಲಿ ತೇರ್ಗಡೆಯೇ! ಇದಲ್ಲದೆ ಮೂವತ್ತು ವರ್ಷಗಳ ಹಿಂದೆ ರೆಪ್ಪೆಯಲ್ಲಿ ಕಲೆ ಕಟ್ಟಿದ ಹುಡುಗಿಯ ಕೂದಲು ಒಳಕ್ಕೆ ತಿರುಗುವ ಕಾಲ ಈಗಷ್ಟೇ ಬರುತ್ತಿರಬಹುದು. ಸೋಂಕು ನಿಂತರೂ ಕಲೆ ನಿಲ್ಲದು. ಒಂದೇ ಸಲ ನುಂಗುವ ಅಜಿತ್ರೊಮೈಸಿನ್ ರೋಗಾಣುವನ್ನು ಕೊಲ್ಲಬಲ್ಲದು. ಬಿಗಿದ ರೆಪ್ಪೆಯನ್ನು ಸಡಿಲಿಸಲಾರದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ರೆಪ್ಪೆಯನ್ನಷ್ಟೇ ಮರಗಟ್ಟಿಸಿ, ಅದರ ಅಂಚನ್ನು ಹೊರಕ್ಕೆ ತಿರುಗಿಸಿ ಹೊಲಿಯುವ ಚಿಕ್ಕ ಕೆಲಸವದು. ಆದರೂ ಕೂದಲು ಮರಳಿ ಒಳಕ್ಕೆ ತಿರುಗುವದುಂಟಾದ್ದರಿಂದ ಮುಂದೆಯೂ ನೋಡುತ್ತಿರಬೇಕು. ಹಾಗಾದರೆ ಕಡತವನ್ನು ಕಟ್ಟಿಡುವದೆಂತು?

“ಮುಖ ತೊಳೆಯದ ಹಳ್ಳಿಗರದೇ ತಪ್ಪು” ಎನ್ನುವವರು ಇನ್ನೊಂದು ಪಕ್ಷದವರು. ತಿರುಗಿಸಿದರೆ ನೀರು ಬರುವ ನಳದ ಮುಂದೆ ನಿಂತು ಉಪದೇಶ ಮಾಡುವದು ಸುಲಭ. ದೂರದಿಂದ ಕೊಡ ಹೊತ್ತು ತರುವ ತಾಯಿ, ಆ ನೀರನ್ನು ಅಡಿಗೆಗೆ ಸುರಿಯಬೇಕೋ, ಮಕ್ಕಳ ಮುಖಕ್ಕೋ? ಯುರೋಪದ ಬಹುಭಾಗದಿಂದ ಈ ಬೇನೆ ಕಾಲ್ತೆಗೆದದ್ದು ಪ್ರತಿಜೀವಕಗಳು ಹುಟ್ಟುವ ಮೊದಲೇ. ಮನೆ ಹಸನಾಗಿ, ನೀರು ಹತ್ತಿರ ಬಂದು, ಹೊಲಸು ದೂರವಾದದ್ದರಿಂದ. ಅಲ್ಲಿಯ ಬಡವರೇನು ಒಂದೇ ರಾತ್ರಿಯಲ್ಲಿ ಸದ್ಗುಣಿಗಳಾದರೆ? ಆದುದರಿಂದಲೇ ಶಸ್ತ್ರಚಿಕಿತ್ಸೆ ಮತ್ತು ಔಷಧಗಳ ಜೊತೆಗೆ ಮುಖದ ಶುಚಿ, ಪರಿಸರದ ಸುಧಾರಣೆ ಎಂಬ ನಾಲ್ಕಂಗಗಳ ಉಪಾಯವನ್ನು ಲೋಕವೆಲ್ಲ ಒಪ್ಪಿರುವದು. ನೀರು ಕೊಡದೆ ಶುಚಿಯನ್ನು ಕೇಳುವದು ಅನ್ಯಾಯ.

“ಮುದುಕಿಗೆ ಚಿಮಟವಿದೆಯಲ್ಲ, ಕೂದಲು ಕಿತ್ತುಕೊಳ್ಳುವಳು” ಎನ್ನುವವರು ಮೂರನೆಯವರು. ತಿಳಿದವರ ಕೈಯಿಂದ ಕೀಳಿಸಿದರೆ, ಬೇನೆ ಸ್ವಲ್ಪವಿದ್ದಾಗ, ಕೆಲದಿನ ಹಿತವೆನಿಸೀತು. ಕಿತ್ತ ಕೂದಲು ವಾರಗಳಲ್ಲಿ ಮರಳಿ ಮೊಳೆಯುವದು. ಅರ್ಧಕ್ಕೆ ತುಂಡಾದ ಕೂದಲು ಮುಳ್ಳಿನಂತೆ ಚುಚ್ಚುವದು. ಜೀವಮಾನವೆಲ್ಲ ಕೂದಲು ಕೀಳುತ್ತ ಕುಳಿತುಕೊಳ್ಳೆಂದು ನಮ್ಮ ಹೆತ್ತವರಿಗೆ ಹೇಳುವದು ಯಾವ ನಾಗರಿಕತೆ?

ಉಪಾಧ್ಯಾಯ ಬಂಧುಗಳೇ, ಈ ಮೂರನೆಯ ಕಲಮನ್ನು ದಿಲ್ಲಿಯ ಕಚೇರಿಯೊಂದೇ ಜಾರಿಗೊಳಿಸಲಾರದು. ರೆಪ್ಪೆಗೂದಲು ಒಳಕ್ಕೆ ತಿರುಗುವದು ಬೇರೆ ಕಾರಣಗಳಿಂದಲೂ ಉಂಟು. ಅದು ಯಾವ ಊರಿನಲ್ಲಿಯೂ ಕಾಣಬಹುದು. ನಿಮ್ಮ ಓಣಿಯಲ್ಲಿ ಸದಾ ಕಣ್ಣೊರೆಸಿಕೊಳ್ಳುವ, ಬಿಸಿಲಿಗೆ ಮುಖವೆತ್ತಲಾರದ, ದಿಂಬಿನ ಕೆಳಗೆ ಚಿಮಟವಿಟ್ಟುಕೊಂಡ ಅಜ್ಜಿಯಿದ್ದರೆ, “ವಯಸ್ಸಾಯಿತು” ಎಂದು ಕೈಬಿಡಬೇಡಿರಿ. ಬೆಳಕಿಗೆ ಕರೆದು ಅವಳ ರೆಪ್ಪೆಯ ಅಂಚನ್ನು ನೋಡಿರಿ. ಕಣ್ಣಿನ ಡಾಕ್ಟರರ ಬಳಿಗೆ ನೀವೇ ಕರೆದೊಯ್ಯಿರಿ. ಸರಕಾರವನ್ನು ನಾವು ಕೇಳುವದು ಇಷ್ಟೇ: ಟ್ರಕೋಮಾ ಹಬ್ಬಿದ್ದ ಸೀಮೆಗಳಲ್ಲಿ ಹುಡುಕುವ ಜನರನ್ನು ತೆಗೆಯಬಾರದು, ಶಸ್ತ್ರಚಿಕಿತ್ಸೆಯ ಹಣವನ್ನು ಕಡಿಯಬಾರದು, ನೀರಿನ ಕೆಲಸವನ್ನು ಅರ್ಧಕ್ಕೆ ಬಿಡಬಾರದು. ದಾವೆ ಗೆದ್ದಾಯಿತು. ಆ ತಾಯಂದಿರ ಪಾಲಿನ ಬೆಳಕು ಅವರ ಕೈಗೆ ಸೇರಿದ ದಿನವೇ ಹುಕುಮನಾಮೆ ಜಾರಿಯಾಯಿತೆಂದು ನಾವು ಬರೆದುಕೊಳ್ಳುವೆವು.