ಸ್ಲ್ಯಾಬಿನ ಮೇಲೊಂದು ಶೀಟು

ಉಡುಪಿಯಿಂದ ಕುಂದಾಪುರದ ಕಡೆ ಬಸ್ಸಲ್ಲಿ ಹೋಗುವಾಗ ಕಿಟಕಿಯಾಚೆ ಸ್ವಲ್ಪ ಗಮನಿಸಿ. ಎಷ್ಟೋ ಹೊಸ ಮನೆಗಳಿಗೆ ಎರಡೆರಡು ಮಾಡು! ಮೊದಲು ಲಕ್ಷಗಟ್ಟಲೆ ಸುರಿದು ಕಾಂಕ್ರೀಟ್ ಸ್ಲ್ಯಾಬು. ನಾಲ್ಕು ಮಳೆಗಾಲ ಕಳೆದು ಅದು ಸೋರೋಕೆ ಶುರುವಾದ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಅದರ ಮೇಲೊಂದು ಶೀಟು. ಕೊಡೆ ಹಿಡ್ಕೊಂಡು ನಿಂತ ಮನೆಗಳು ಇವು.

ಊರಲ್ಲಿ ಅಪ್ಪ ಈಗ ಮನೆ ಕಟ್ಟಿಸೋಕೆ ಹೊರಟಿದ್ದಾರೆ. ಅವರ ರಿಟೈರ್‌ಮೆಂಟ್ ದುಡ್ಡು ಪೂರ್ತಿ, ಜೊತೆಗೆ ನನ್ನ ಹೆಸರಲ್ಲಿ ಇಪ್ಪತ್ತು ವರ್ಷದ ಸಾಲ. ಕಂಟ್ರಾಕ್ಟರ್ ತಂದಿರೋ ಪ್ಲಾನು ಮಾತ್ರ ಅಪ್ಪಟ ಬೆಂಗಳೂರಿನದು: ಪಿಲ್ಲರು, ಸಿಮೆಂಟ್ ಬ್ಲಾಕು, ಚಪ್ಪಟೆ ತಾರಸಿ. "ಗಟ್ಟಿ ಇರ್ತದೆ ಮಾರಾಯ" ಅಂತಾರೆ ಅಪ್ಪ.

ಬೆಂಗಳೂರಲ್ಲಿ ವರ್ಷಕ್ಕೆ ಬೀಳೋದು ಹೆಚ್ಚುಕಮ್ಮಿ 1000 ಮಿ.ಮೀ. ಮಳೆ. ನಮ್ಮ ಕರಾವಳಿಯಲ್ಲಿ ಅದರ ನಾಲ್ಕು ಪಟ್ಟು, ಬಹುಪಾಲು ಬರೀ ನಾಲ್ಕೇ ತಿಂಗಳಲ್ಲಿ. ನೀರು ನಿಲ್ಲೋ ತಾರಸಿಯಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೆ ಸಾಕು, ಒಳಗಿನ ಸರಳಿಗೆ ತುಕ್ಕು. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತೆ. ಸಮುದ್ರದ ಉಪ್ಪುಗಾಳಿ ಬೇರೆ. ಇನ್ನೊಂದು ಪ್ರಾಜೆಕ್ಟಿನ ಕೋಡನ್ನು ಕಾಪಿ ಹೊಡೆದು, ಓಡದೇ ಇದ್ದಾಗ ಪ್ಯಾಚ್ ಹಾಕ್ತೀವಲ್ಲ, ಆ ಪ್ಯಾಚೇ ಈ ಶೀಟು!

ಅದಕ್ಕೇ ನಾನು ಹೇಳೋದು, ಮನೆ ಪ್ಲಾನು ಮಾಡಿನಿಂದ ಶುರುವಾಗಲಿ. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಇಳಿಜಾರು ಮಾಡಿನಲ್ಲಿ ನೀರು ನಿಲ್ಲೋದೇ ಇಲ್ಲ. ಒಂದು ಹೆಂಚು ಒಡೆದರೆ ಅದೊಂದನ್ನೇ ಬದಲಾಯಿಸಿದರಾಯ್ತು. ಸ್ಲ್ಯಾಬಿಗೆ ಈ ಸೌಕರ್ಯ ಉಂಟಾ?

ಗೋಡೆಗೆ ನಮ್ಮ ಕೆಂಪುಕಲ್ಲೇ ಇದೆ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಣಗಿದಂತೆ ಗಟ್ಟಿಯಾಗೋ ಕಲ್ಲು. ಬಿಳಿ ಶೇಡಿಮಣ್ಣು ತುಂಬಿದ ಕಲ್ಲನ್ನು ಮಾತ್ರ ಲಾರಿಯಿಂದ ಇಳಿಸೋಕೇ ಬಿಡಬಾರದು. ಒಂದಂತಸ್ತಿನ ಮನೆಗೆ ಈ ಗೋಡೆಯೇ ಭಾರ ಹೊರುತ್ತೆ, ಪಿಲ್ಲರ್ ಯಾಕೆ? (ಅಡಿಪಾಯದ ಮಣ್ಣು ನೋಡಿ ಸಿವಿಲ್ ಇಂಜಿನಿಯರ್ ಒಪ್ಪಬೇಕು ಅನ್ನಿ. ನಾನು ಬರೀ ಸಾಫ್ಟ್‌ವೇರಿನವ.)

ಅಪ್ಪನ ಆಕ್ಷೇಪಗಳೂ ಸುಳ್ಳಲ್ಲ. ಮಂಗಗಳು ಹೆಂಚು ಒಡೀತವೆ. ಪಕಾಸಿಗೆ ಒಳ್ಳೆ ಮರ ಕೊಳ್ಳೋದು ನಮ್ಮ ಕೈಲಾಗದ ಮಾತು. ಹೆಂಚು ಕೈಯಾಡಿಸೋರು ಸಿಗೋದೂ ಕಷ್ಟ. ಮರದ ಬದಲು ಬಣ್ಣ ಹೊಡೆದ ಕಬ್ಬಿಣ ಹಾಕಬಹುದು, ಅದಕ್ಕೂ ಆಗಾಗ ಬಣ್ಣ ಬೇಕು. ಆದರೆ ಅದು ಕಣ್ಣಿಗೆ ಕಾಣೋ ತುಕ್ಕು, ಸ್ಲ್ಯಾಬಿನೊಳಗಿನ ತುಕ್ಕಿನ ಹಾಗೆ ಕದ್ದು ಕೂರಲ್ಲ. ನೀರಿನ ಟ್ಯಾಂಕಿಗೆ ಬಚ್ಚಲಮನೆ ಮೇಲಷ್ಟೇ ಸ್ಲ್ಯಾಬು ಸಾಕು. ಮಂಗಗಳಿಗೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ :)

ಹಳೇ ಮನೆ ಚಂದ ಅನ್ನೋ ಹಳಹಳಿಕೆಯಿಂದ ಇದನ್ನು ಬರೀತಿಲ್ಲ. ಬಯಲುಸೀಮೆಯಲ್ಲಿ ಮನೆ ಕಟ್ಟೋದಾದರೆ ನಾನೂ ತಾರಸಿಯನ್ನೇ ಕೇಳ್ತಿದ್ದೆ, ರಾಗಿ ಒಣಗಿಸೋಕಾದರೂ ಬೇಕಲ್ಲ! ಆದರೆ ಇಪ್ಪತ್ತು ವರ್ಷ ಕಂತು ಕಟ್ಟೋದು ಒಂದು ಮಾಡಿಗೆ ಸಾಕು, ಎರಡಕ್ಕೆ ಬೇಡ.

ಅಪ್ಪ ಇನ್ನೂ ಒಪ್ಪಿಲ್ಲ. ನಿಮ್ಮೂರಲ್ಲಿ ಹೆಂಚಿನ ಹೊಸ ಮನೆ ಯಾರಾದರೂ ಕಟ್ಟಿಸಿದ್ದರೆ, ಖರ್ಚೆಷ್ಟಾಯ್ತು ಅಂತ ದಯವಿಟ್ಟು ತಿಳಿಸಿ. ಅವರಿಗೆ ತೋರಿಸಬೇಕು.